ಅಪಘಾತ ಪರಿಹಾರ: ಎದುರಿನವರ ನಿರ್ಲಕ್ಷ್ಯವನ್ನು ಸಾಬೀತುಪಡಿಸುವುದು ಹೇಗೆ?

ನಮ್ಮ ಸಮಾಜದ ಮನೆಗಳಲ್ಲಿ ರಸ್ತೆ ಅಪಘಾತವಾದಾಗ ನಾನು ಹೆಚ್ಚಾಗಿ ಕೇಳುವ ಮಾತು ಇದು: "ನಮ್ಮ ಕರ್ಮ, ಆದದ್ದು ಆಯಿತು. ಆ ಡ್ರೈವರ್ ಕೂಡ ಬಡವ, ಕ್ಷಮಿಸಿಬಿಟ್ಟೆವು. ಪೊಲೀಸು, ಕೋರ್ಟು ಎಲ್ಲ ಬೇಡ." ಕೆಲವು ತಿಂಗಳು ಕಳೆದ ಮೇಲೆ ಅದೇ ಮನೆಯಿಂದ ಫೋನ್ ಬರುತ್ತದೆ. ಆಸ್ಪತ್ರೆಗೆ ತಂದ ಸಾಲ ಹಾಗೇ ಇದೆ, ಅಂಗಡಿ ಬಾಗಿಲು ಮುಚ್ಚಿದೆ, ಮಕ್ಕಳ ಫೀಸು ಕಟ್ಟಬೇಕು. "ಅಣ್ಣಾ, ಈಗ ಏನಾದರೂ ಮಾಡಬಹುದಾ?" ಎಂದು ಕೇಳುತ್ತಾರೆ. ಆ ಹೊತ್ತಿಗೆ ಸಾಕ್ಷಿ ಹೇಳುವವರು ಊರು ಬಿಟ್ಟಿರುತ್ತಾರೆ, ಗುದ್ದಿದ ಗಾಡಿ ರಿಪೇರಿಯಾಗಿ ಓಡಾಡುತ್ತಿರುತ್ತದೆ.

ನಾನು ವಕೀಲನಲ್ಲ, ವ್ಯಾಪಾರಸ್ಥ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮ್ಮವರಿಗೆ ಅಪಘಾತವಾದಾಗ ಆಸ್ಪತ್ರೆ, ಠಾಣೆ, ವಕೀಲರ ಕಚೇರಿ ಎಂದು ಜೊತೆಯಲ್ಲಿ ಓಡಾಡುವ ಸೇವೆ ಮಾಡುತ್ತಾ ಬಂದಿದ್ದೇನೆ. ಹಾಗೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರತಿಯೊಂದು ಪ್ರಕರಣಕ್ಕೂ ವಕೀಲರ ಸಲಹೆ ಬೇಕೇ ಬೇಕು. ಆದರೆ ವಕೀಲರ ಹತ್ತಿರ ಹೋಗುವ ಮೊದಲೇ ಮನೆಯವರು ಮಾಡಬೇಕಾದ ಕೆಲಸ ಬಹಳ ಇದೆ. ಅದು ತಪ್ಪಿದರೆ ಎಷ್ಟು ದೊಡ್ಡ ವಕೀಲರಿಗೂ ಕಷ್ಟ.

ಕ್ಷಮೆ ಬೇರೆ, ಪರಿಹಾರ ಬೇರೆ

ಉತ್ತಮ ಕ್ಷಮಾ ನಮ್ಮ ದಶಧರ್ಮಗಳಲ್ಲಿ ಮೊದಲನೆಯದು. ಯಾರ ಮೇಲೂ ವೈರ ಇಟ್ಟುಕೊಳ್ಳಬಾರದು ಎನ್ನುವುದು ಸರಿಯೇ. ಆದರೆ ಪರಿಹಾರದ ಅರ್ಜಿ ವೈರವಲ್ಲ. ಚಾಲಕನಿಗೆ ಶಿಕ್ಷೆ ಕೊಡುವುದು ಕ್ರಿಮಿನಲ್ ಕೋರ್ಟಿನ ಕೆಲಸ. ಪರಿಹಾರ ಕೊಡಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಂದರೆ ಜನ ಎಂಎಸಿಟಿ ಎಂದು ಕರೆಯುವ ಕೋರ್ಟು. ವಾಹನಕ್ಕೆ ವಿಮೆ ಇದ್ದರೆ ಸಾಮಾನ್ಯವಾಗಿ ಹಣ ಕೊಡುವುದು ವಿಮಾ ಕಂಪನಿ. ಪ್ರತಿಯೊಂದು ವಾಹನಕ್ಕೂ ಮೂರನೆಯವರ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಚಾಲಕನನ್ನು ಮನಸ್ಸಿನಲ್ಲಿ ಕ್ಷಮಿಸಿ, ಅರ್ಜಿಯನ್ನೂ ಹಾಕಬಹುದು. ದುಡಿಯುವ ಯಜಮಾನ ಹೋದ ಮನೆಯಲ್ಲಿ ಹೆಂಡತಿ ಮಕ್ಕಳ ಪಾಲಿನ ಹಕ್ಕನ್ನು ಬೇರೆಯವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡುವುದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ.

ನಿರ್ಲಕ್ಷ್ಯ ಎಂದರೇನು?

ನಮಗೆ ಈ ಮಾತು ಹೊಸದಲ್ಲ. ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ 'ಪ್ರಮಾದ' ಎನ್ನುತ್ತಾರೆ. ಕೊಲ್ಲುವ ಉದ್ದೇಶ ಇಲ್ಲದಿದ್ದರೂ ಎಚ್ಚರ ತಪ್ಪಿ ನಡೆದರೆ ಅದು ದೋಷವೇ. ಕಾನೂನು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಮಿನಲ್ಲಿ ಅರ್ಜಿ ಹಾಕಿದವರು ನಾಲ್ಕು ವಿಷಯ ತೋರಿಸಬೇಕು.

1. ಎದುರಿನ ಚಾಲಕನಿಗೆ ಎಚ್ಚರದಿಂದ ಇರಬೇಕಾದ ಹೊಣೆ ಇತ್ತು. (ರಸ್ತೆಯಲ್ಲಿ ವಾಹನ ಓಡಿಸುವ ಎಲ್ಲರಿಗೂ ಇದು ಇದ್ದೇ ಇರುತ್ತದೆ.)
2. ಆ ಹೊಣೆಯನ್ನು ಆತ ಪಾಲಿಸಲಿಲ್ಲ. ಅತಿ ವೇಗ, ರಾಂಗ್ ಸೈಡ್, ಲೈಟಿಲ್ಲದೆ ನಿಲ್ಲಿಸಿದ್ದು, ಇಂಥದ್ದು.
3. ಅದೇ ಕಾರಣಕ್ಕೆ ಅಪಘಾತವಾಯಿತು.
4. ಅದರಿಂದ ಇಷ್ಟು ಗಾಯ, ಇಷ್ಟು ನಷ್ಟ ಆಯಿತು.

ಜನ ನಾಲ್ಕನೆಯದಕ್ಕೆ ಮಾತ್ರ ಕಾಗದ ಕೂಡಿಡುತ್ತಾರೆ. ಆಸ್ಪತ್ರೆ ಬಿಲ್ಲು, ಔಷಧಿ ಚೀಟಿ ಎಲ್ಲ ಕವರಿನಲ್ಲಿ ಜೋಪಾನವಾಗಿರುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಒಂದು ಚೀಟಿಯೂ ಇರುವುದಿಲ್ಲ. ಹೆಚ್ಚಿನ ಪ್ರಕರಣ ಸೊರಗುವುದು ಅಲ್ಲೇ.

ಎಷ್ಟು ಸಾಬೀತು ಮಾಡಬೇಕು?

ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಎಂಎಸಿಟಿಯಲ್ಲಿ ಅಷ್ಟು ಬೇಕಿಲ್ಲ. ಎರಡೂ ಕಡೆಯ ಮಾತು ತೂಗಿದಾಗ ಯಾರ ಮಾತು ಹೆಚ್ಚು ನಂಬುವಂತಿದೆ ಎಂದು ನೋಡುತ್ತಾರೆ. ನಮ್ಮ ಮಂಡಿಯ ತಕ್ಕಡಿಯ ಹಾಗೆ, ಮುಳ್ಳು ನಿಮ್ಮ ಕಡೆ ಸ್ವಲ್ಪ ವಾಲಿದರೂ ಸಾಕು. ಹಿಮಾಚಲ ಪ್ರದೇಶದ ಸಾರಿಗೆ ನಿಗಮದ ಬಸ್ಸಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದ ಎಂದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ. "ಅವನು ಬಿಡುಗಡೆ ಆದನಂತೆ, ಇನ್ನೇನು" ಎಂದು ಕೈಚೆಲ್ಲಬೇಡಿ.

ಒಂದು ಫೋಟೋ ಇಲ್ಲದೆ ಅರ್ಧ ಹೋಯಿತು

ನಮ್ಮ ಕಡೆ ಕಬ್ಬು ಕಟಾವಿನ ಕಾಲದಲ್ಲಿ ರಾತ್ರಿ ಓಡಾಡುವವರಿಗೆಲ್ಲ ಗೊತ್ತಿರುವ ಅಪಾಯ ಒಂದಿದೆ. ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಇದ್ದರೂ ಜೋತಾಡುವ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ.

ನನಗೆ ಗೊತ್ತಿರುವ ಕುಟುಂಬವೊಂದರ ಮಗ ಅಂಗಡಿ ಬಾಗಿಲು ಹಾಕಿ ಮಳವಳ್ಳಿಯಿಂದ ಮದ್ದೂರು ಕಡೆಗೆ ಬೈಕಿನಲ್ಲಿ ಬರುತ್ತಿದ್ದ. ಕೆಟ್ಟು ನಿಂತಿದ್ದ ಇಂಥ ಟ್ರೇಲರಿಗೆ ಹಿಂದಿನಿಂದ ಹೋಗಿ ಗುದ್ದಿದ. ಕಾಲು ಎರಡು ಕಡೆ ಮುರಿಯಿತು. ಸೇರಿದ ಜನರೆಲ್ಲ ಒಳ್ಳೆಯವರು, ಹುಡುಗನನ್ನು ಆಸ್ಪತ್ರೆಗೆ ಸೇರಿಸಿದರು. ಆದರೆ ಯಾರೂ ಫೋಟೋ ತೆಗೆಯಲಿಲ್ಲ. ಬೆಳಿಗ್ಗೆ ಹೊತ್ತಿಗೆ ಟ್ರೇಲರ್ ಅಲ್ಲಿರಲಿಲ್ಲ. ದೂರು ಕೊಟ್ಟದ್ದು ನಾಲ್ಕು ದಿನ ತಡವಾಗಿ, ಸ್ಥಳ ಮಹಜರು ಆದದ್ದು ಅದಕ್ಕಿಂತ ತಡವಾಗಿ. ವಾಹನ ತಪಾಸಣೆಗೆ ಬಂದಾಗ ಅದರ ಹಿಂದೆ ಹೊಸ ರಿಫ್ಲೆಕ್ಟರ್ ಅಂಟಿಸಿತ್ತು.

ವಿಮಾ ಕಂಪನಿಯ ವಾದ ಒಂದೇ: "ನಿಂತಿದ್ದ ವಾಹನಕ್ಕೆ ಇವನೇ ಹೋಗಿ ಗುದ್ದಿದ್ದಾನೆ." ಲೈಟಿರಲಿಲ್ಲ ಎಂದು ಹೇಳಲು ಹುಡುಗನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ತಪ್ಪನ್ನು ಇಬ್ಬರಿಗೂ ಅರ್ಧ ಅರ್ಧ ಹಂಚಿದರು, ಪರಿಹಾರವೂ ಅರ್ಧವಾಯಿತು. ಆಸ್ಪತ್ರೆಯ ಸಾಲ ತೀರಿಸುವಷ್ಟೂ ಉಳಿಯಲಿಲ್ಲ. ಆ ರಾತ್ರಿ ಅಲ್ಲಿದ್ದ ಹತ್ತಾರು ಮೊಬೈಲುಗಳಲ್ಲಿ ಒಂದರಲ್ಲಿ ಟ್ರೇಲರಿನ ಹಿಂಭಾಗದ ಫೋಟೋ ಇದ್ದಿದ್ದರೆ ಕಥೆ ಬೇರೆಯಾಗಬಹುದಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಹೀಗೆ ಹೇಳಲು ಕಾರಣವಿದೆ. ರಾತ್ರಿ ಹೊತ್ತು ಸೂಚನೆಯ ದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿಗೆ ಕಾರು ಗುದ್ದಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೈಕೋರ್ಟ್ ಕಾರಿನವರದೂ ಅರ್ಧ ತಪ್ಪು ಎಂದಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ತಪ್ಪು ಪೂರ್ತಿ ಟ್ಯಾಂಕರ್ ಚಾಲಕನದೇ ಎಂದ ನ್ಯಾಯಮಂಡಳಿಯ ತೀರ್ಪನ್ನು ಎತ್ತಿಹಿಡಿಯಿತು. ಅದೇ ವರ್ಷ ಏಪ್ರಿಲಿನಲ್ಲಿ ಬಂದ ಇನ್ನೊಂದು ತೀರ್ಪು ಇದಕ್ಕೆ ಎದುರು. ಮುಂದೆ ಹೋಗುತ್ತಿದ್ದ ಲಾರಿಯ ಹಿಂದೆ ಹತ್ತು ಹದಿನೈದು ಅಡಿ ಅಂತರದಲ್ಲಿ ಹೋಗುತ್ತಿದ್ದ ಕಾರು ಅದಕ್ಕೆ ಗುದ್ದಿತು. ಸಾಕಷ್ಟು ಅಂತರ ಬಿಡದ ಕಾರಿನ ಚಾಲಕನದೇ ತಪ್ಪು ಎಂದಾಯಿತು.

ಹಿಂದಿನಿಂದ ಗುದ್ದಿದವರದೇ ತಪ್ಪು ಎಂಬ ನಿಯಮವೂ ಇಲ್ಲ, ನಿಂತ ಲಾರಿಯದೇ ತಪ್ಪು ಎಂಬ ನಿಯಮವೂ ಇಲ್ಲ. ಅಲ್ಲಿ ನಿಜವಾಗಿ ಏನಿತ್ತು ಎಂದು ತೋರಿಸುವ ಸಾಕ್ಷಿಯೇ ತೀರ್ಮಾನ ಮಾಡುವುದು.

ಮೊದಲ ವಾರದಲ್ಲಿ ಮಾಡಬೇಕಾದ ಕೆಲಸ

ಮೊದಲು ಜೀವ ಉಳಿಸಿಕೊಳ್ಳಿ. ಗಾಯಾಳುವನ್ನು ಬಿಟ್ಟು ಫೋಟೋ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಗಾಯಾಳುವಿನ ಜೊತೆ ಇಬ್ಬರು ಹೋದ ಮೇಲೆ ಒಬ್ಬರು ಅಲ್ಲೇ ನಿಲ್ಲಬಹುದು.

ಫೋಟೋ, ವಿಡಿಯೋ: ಎರಡೂ ವಾಹನ ನಿಂತ ರೀತಿ, ನಂಬರ್ ಪ್ಲೇಟು, ಬ್ರೇಕಿನ ಗುರುತು, ಒಡೆದ ಗಾಜು ಬಿದ್ದ ಜಾಗ, ಲೈಟು ಮತ್ತು ರಿಫ್ಲೆಕ್ಟರ್ ಇದೆಯೋ ಇಲ್ಲವೋ, ರಸ್ತೆಯ ಅಗಲ, ಬೀದಿದೀಪ. ಫೋಟೋ ಇರುವ ಮೂಲ ಮೊಬೈಲನ್ನು ಮಾರಬೇಡಿ, ಅಳಿಸಬೇಡಿ.

ಸಾಕ್ಷಿದಾರರು: ಕಣ್ಣಾರೆ ಕಂಡ ಟೀ ಅಂಗಡಿಯವರು, ಆಟೋದವರು, ಹೊಲದಲ್ಲಿದ್ದವರ ಹೆಸರು ಮತ್ತು ಫೋನ್ ನಂಬರ್ ಬರೆದುಕೊಳ್ಳಿ. ಸಹಾಯ ಮಾಡಿದವರಿಗೆ ಪೊಲೀಸರು ತೊಂದರೆ ಕೊಡಬಾರದು ಎಂದು 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ರಕ್ಷಣೆ ಕೊಡುತ್ತದೆ. ಇದನ್ನು ಅವರಿಗೆ ತಿಳಿಸಿ ಹೇಳಿದರೆ ಧೈರ್ಯ ಬರುತ್ತದೆ.

ಆಸ್ಪತ್ರೆಯ ದಾಖಲೆ: ಮಿಮ್ಸ್ ಆಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಖಾಸಗಿಯಾಗಲಿ, ಸೇರಿಸುವಾಗಲೇ "ರಸ್ತೆ ಅಪಘಾತ" ಎಂದು ಹೇಳಿ ಎಂಎಲ್‌ಸಿ ಮಾಡಿಸಿ. ಗಾಬರಿಯಲ್ಲಿ "ಬೈಕಿನಿಂದ ಬಿದ್ದ" ಎಂದು ಬರೆಸಿದರೆ ಮುಂದೆ ಅದೇ ಮಾತು ನಿಮ್ಮ ವಿರುದ್ಧ ಬರುತ್ತದೆ. ವಿಮಾ ಕಂಪನಿಯವರು ಮೊದಲು ಹುಡುಕುವುದೇ ಆ ಸಾಲನ್ನು.

ಪೊಲೀಸ್ ದೂರು: ಸಾಧ್ಯವಾದರೆ ಅದೇ ದಿನ ಕೊಡಿ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಅದನ್ನು ಓದಿ. ದಿಕ್ಕು, ಸಮಯ, ವಾಹನದ ನಂಬರ್, ಯಾವ ಕಡೆಯಿಂದ ಯಾರು ಬಂದರು ಎನ್ನುವುದು ಸರಿಯಾಗಿದೆಯೇ ನೋಡಿ. ತಪ್ಪಿದ್ದರೆ ತಕ್ಷಣ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಗಾಯಾಳುವಿನ ಚಿಕಿತ್ಸೆಗಾಗಿ ದೂರು ತಡವಾದರೆ ಅದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೂ ತಡಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿರಿ.

ಸಿಸಿಟಿವಿ: ಪೆಟ್ರೋಲ್ ಬಂಕ್, ಹೋಟೆಲ್, ಟೋಲ್, ಅಂಗಡಿಗಳ ಕ್ಯಾಮೆರಾ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಮೊದಲ ಎರಡು ಮೂರು ದಿನದಲ್ಲೇ ಅದನ್ನು ವಶಪಡಿಸಿಕೊಳ್ಳಿ ಎಂದು ತನಿಖಾಧಿಕಾರಿಗೆ ಬರೆದು ಕೊಡಿ. ಕೋರ್ಟಿನಲ್ಲಿ ಒಪ್ಪಲು ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಆಮೇಲೆ ಪೊಲೀಸರಿಂದ ಪಡೆಯಬೇಕಾದವು: ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಆರೋಪಪಟ್ಟಿ. ಚಾಲಕನ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಗಿದ್ದರೆ ಅದು ನಿಮ್ಮ ಕಡೆಯ ತಕ್ಕಡಿಗೆ ಒಳ್ಳೆಯ ತೂಕ. 2024ರ ಜುಲೈ 1ರ ನಂತರದ ಅಪಘಾತಗಳಲ್ಲಿ ಹಳೆಯ ಐಪಿಸಿ 279ರ ಬದಲು ಭಾರತೀಯ ನ್ಯಾಯ ಸಂಹಿತೆಯ 281, ಗಾಯಕ್ಕೆ 125, ಸಾವಿಗೆ 106ನೇ ಕಲಮು ಇರುತ್ತದೆ. ನಂಬರ್ ಬೇರೆಯಾಯಿತು ಎಂದು ಗಾಬರಿಯಾಗಬೇಡಿ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇವುಗಳ ಪ್ರತಿ ಕೇಳುವ ಹಕ್ಕು ನಿಮಗಿದೆ.

"ನಿಮ್ಮದೂ ತಪ್ಪಿದೆ" ಎಂಬ ವಾದ

ವಿಮಾ ಕಂಪನಿಯ ದೊಡ್ಡ ಆಯುಧ ಇದು. ಹನ್ನೆರಡು ಲಕ್ಷ ಪರಿಹಾರ ಲೆಕ್ಕ ಬಂದು, ನಿಮ್ಮ ತಪ್ಪು ನೂರಕ್ಕೆ 25 ಎಂದಾದರೆ ಕೈಗೆ ಬರುವುದು ಒಂಬತ್ತು ಲಕ್ಷ. ಆದ್ದರಿಂದ ಪ್ರತಿ ಶೇಕಡಕ್ಕೂ ಬೆಲೆ ಇದೆ.

ಆದರೆ ಕಾನೂನು ಮುರಿದದ್ದು ಬೇರೆ, ಅದರಿಂದಲೇ ಅಪಘಾತವಾದದ್ದು ಬೇರೆ. ಬೈಕಿನಲ್ಲಿ ಮೂವರು ಹೋಗುತ್ತಿದ್ದ ಪ್ರಕರಣದಲ್ಲಿ, ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ ತಪ್ಪು ಹೊರಿಸುವಂತಿಲ್ಲ, ಅಪಘಾತಕ್ಕೂ ಅದಕ್ಕೂ ಸಂಬಂಧ ತೋರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಾಯಗೊಂಡವನ ಹತ್ತಿರ ಲೈಸೆನ್ಸ್ ಇರಲಿಲ್ಲ ಎಂಬುದಕ್ಕೂ 2008ರಲ್ಲಿ ಇಂಥದೇ ತೀರ್ಪು ಬಂದಿದೆ. ಇದನ್ನು ಓದಿ ಲೈಸೆನ್ಸ್ ಇಲ್ಲದೆ, ಹೆಲ್ಮೆಟ್ ಇಲ್ಲದೆ ಓಡಿಸಬಹುದು ಎಂದು ಯಾರೂ ತಿಳಿಯಬಾರದು. ತಲೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ಪ್ರಶ್ನೆ ಖಂಡಿತ ಬರುತ್ತದೆ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಇನ್ನೊಂದು ವಿಷಯ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮುಖ್ಯ ಪಥದಲ್ಲಿ ಬೈಕಿಗೆ ಅಪಘಾತವಾದರೆ ವಿಮಾ ಕಂಪನಿಗೆ ನಾವೇ ವಾದ ಕೈಗೆ ಕೊಟ್ಟಂತೆ.

ಯಾತ್ರೆಗೆ ಹೋದ ವಾಹನದಲ್ಲಿ ಅಪಘಾತವಾದರೆ

ಶ್ರವಣಬೆಳಗೊಳಕ್ಕೆ, ಕಂಬದಹಳ್ಳಿಗೆ, ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿಗೆ ಟೆಂಪೋ, ಬಸ್ಸು ಮಾಡಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಹೀಗೆ ಕುಳಿತು ಹೋಗುವ ಪ್ರಯಾಣಿಕರಿಗೆ ಸಾಬೀತಿನ ಭಾರ ಹಗುರ. ಎರಡು ವಾಹನ ಡಿಕ್ಕಿಯಾದರೆ ತಪ್ಪು ಯಾರದು ಎಷ್ಟು ಎಂದು ಪ್ರಯಾಣಿಕರು ಭಾಗ ಮಾಡಿ ತೋರಿಸಬೇಕಿಲ್ಲ. ಇಬ್ಬರ ನಿರ್ಲಕ್ಷ್ಯವೂ ಸೇರಿದ್ದರೆ ಯಾವುದಾದರೂ ಒಂದು ವಾಹನದ ಕಡೆಯಿಂದ ಪೂರ್ತಿ ಪರಿಹಾರ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಅವರವರ ಪಾಲು ಅವರವರೇ ಆಮೇಲೆ ಲೆಕ್ಕ ಮಾಡಿಕೊಳ್ಳುತ್ತಾರೆ.

2018ರ ನವೆಂಬರ್ 24ರ ಶನಿವಾರವನ್ನು ಮಂಡ್ಯ ಜಿಲ್ಲೆ ಮರೆಯುವುದಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಜೀವ ಕಳೆದುಕೊಂಡರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಇಂಥ ಅಪಘಾತದಲ್ಲಿ ಒಳಗೆ ಕುಳಿತವರು ಚಾಲಕ ಏನು ತಪ್ಪು ಮಾಡಿದ ಎಂದು ಹೇಗೆ ತೋರಿಸಬೇಕು? ಸರಿಯಾಗಿ ನಡೆಸಿದ ವಾಹನ ಸಾಮಾನ್ಯವಾಗಿ ರಸ್ತೆ ಬಿಟ್ಟು ಹೋಗುವುದಿಲ್ಲ. ಹಾಗೆ ಹೋಗಿದ್ದರೆ ಘಟನೆಯೇ ನಿರ್ಲಕ್ಷ್ಯವನ್ನು ಹೇಳುತ್ತದೆ, ತಪ್ಪಿಲ್ಲ ಎಂದು ವಿವರಿಸುವ ಭಾರ ವಾಹನದವರ ಮೇಲೆ ಬೀಳುತ್ತದೆ. ಕಾರೊಂದು ರಸ್ತೆ ಪಕ್ಕದ ಮರಕ್ಕೆ ಗುದ್ದಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಈ ತತ್ವವನ್ನು ಅನ್ವಯಿಸಿದೆ.

ಯಾತ್ರೆ ಹೊರಡುವ ಮುನ್ನ ಒಂದು ಕೆಲಸ ಮಾಡಿ. ವಾಹನದ ವಿಮೆ, ಪರ್ಮಿಟ್, ಚಾಲಕನ ಲೈಸೆನ್ಸ್ ಮೂರರ ಫೋಟೋ ತೆಗೆದು, ಪ್ರಯಾಣಿಕರ ಪಟ್ಟಿಯ ಜೊತೆ ಮನೆಯಲ್ಲಿ ಉಳಿದ ಒಬ್ಬರಿಗೆ ಕಳಿಸಿ.

ವಿಹಾರದಲ್ಲಿರುವ ತ್ಯಾಗಿಗಳು

ಮುನಿಗಳು, ಮಾತಾಜಿಯವರು, ಸಾಧ್ವಿಯರು ಈರ್ಯಾ ಸಮಿತಿ ಪಾಲಿಸಿ ನೆಲ ನೋಡಿ ನಡೆಯುತ್ತಾರೆ. ಹಿಂದಿನಿಂದ ಬರುವ ವಾಹನದ ಎಚ್ಚರ ನಮ್ಮ ಜವಾಬ್ದಾರಿ. ಜೊತೆಗೆ ಹೋಗುವ ಸ್ವಯಂಸೇವಕರು ಬೆಳಕು ಮೂಡುವ ಮೊದಲು ಹೊರಟರೆ ಹೊಳೆಯುವ ಜಾಕೆಟ್ ಹಾಕಿ, ಗುಂಪಿನ ಹಿಂದೆ ಟಾರ್ಚ್ ಹಿಡಿದು ನಡೆಯಬೇಕು. ಹೀಗೆ ಮಾಡಿದರೆ ಅಪಘಾತ ತಪ್ಪುವ ಸಾಧ್ಯತೆ ಹೆಚ್ಚು, ಆದರೂ ಆದರೆ "ಕತ್ತಲಲ್ಲಿ ಕಾಣಲಿಲ್ಲ" ಎಂಬ ವಾದ ನಿಲ್ಲುವುದಿಲ್ಲ.

ಸಂಸಾರ ಬಿಟ್ಟವರ ಪರವಾಗಿ ಯಾರು ಅರ್ಜಿ ಹಾಕಬೇಕು ಎಂದು ಕೇಳುತ್ತಾರೆ. ಅಪಘಾತಕ್ಕೆ ಬಲಿಯಾದ ಕ್ರೈಸ್ತ ಸನ್ಯಾಸಿಯೊಬ್ಬರ ಪರವಾಗಿ ಅವರ ಸಂಘವಾದ ಮಾಂಟ್‌ಫೋರ್ಟ್ ಬ್ರದರ್ಸ್ ಅರ್ಜಿ ಹಾಕಿತ್ತು. ಸಂಘಕ್ಕೆ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಆ ಸನ್ಯಾಸಿ ಶಿಕ್ಷಕರಾಗಿದ್ದು ಅವರ ದುಡಿಮೆ ಸಂಘಕ್ಕೆ ಸೇರುತ್ತಿತ್ತು ಎಂಬ ವ್ಯತ್ಯಾಸ ಇದೆ. ಆದರೂ ಗಾಯ, ಚಿಕಿತ್ಸೆಯ ವೆಚ್ಚ ಭರಿಸಿದ ನಮ್ಮ ಸಂಘ, ಟ್ರಸ್ಟುಗಳು ಇದನ್ನು ವಕೀಲರ ಗಮನಕ್ಕೆ ತರಬೇಕು. ತ್ಯಾಗಿಗಳು ದೂರು ಕೊಡುವುದಿಲ್ಲ. ದೂರು ಕೊಡುವುದು ಜೊತೆಗಿದ್ದ ಶ್ರಾವಕರ ಕರ್ತವ್ಯ.

ನಿರ್ಲಕ್ಷ್ಯ ತೋರಿಸಲು ಆಗದಿದ್ದರೆ?

ಆಗಲೂ ದಾರಿ ಇದೆ. 164ನೇ ಕಲಮಿನಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಆದರೆ ಇದನ್ನು ಒಪ್ಪಿ ಪಡೆದರೆ 166ರ ಅರ್ಜಿ ಅಲ್ಲಿಗೆ ನಿಲ್ಲುತ್ತದೆ, ಆದ್ದರಿಂದ ವಕೀಲರನ್ನು ಕೇಳಿಯೇ ಸಹಿ ಮಾಡಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆ. ಇದಕ್ಕೆ ಕಂದಾಯ ಇಲಾಖೆಯ ತಾಲ್ಲೂಕು ಅಥವಾ ಉಪವಿಭಾಗದ ಅಧಿಕಾರಿಗೆ ಅರ್ಜಿ ಕೊಡಬೇಕು, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಆಸ್ಪತ್ರೆಯಲ್ಲಿ ಕೇಳಿ.

ಎಲ್ಲಿ, ಯಾವಾಗ?

ಅಪಘಾತ ನಡೆದ ಜಾಗದ, ಅಥವಾ ನೀವು ವಾಸ ಮಾಡುವ ಇಲ್ಲವೇ ವ್ಯವಹಾರ ಮಾಡುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಹುಬ್ಬಳ್ಳಿಯ ಕುಟುಂಬಕ್ಕೆ ಮದ್ದೂರಿನಲ್ಲಿ ಅಪಘಾತವಾದರೆ ಪ್ರತಿ ಸಲ ಮಂಡ್ಯಕ್ಕೆ ಬರಬೇಕಿಲ್ಲ. 2022ರ ಏಪ್ರಿಲ್ 1ರಿಂದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಮಿತಿ ಬಂದಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆರು ತಿಂಗಳು ದಾಟಿದವರು ಆಸೆ ಬಿಡದೆ ವಕೀಲರನ್ನು ಕಾಣಿ, ದಾಟದವರು ಕಾಯಬೇಡಿ.

ಹೆಣ್ಣುಮಕ್ಕಳು, ಮಕ್ಕಳು, ಅಂಗವಿಕಲರು ಮತ್ತು ಕಡಿಮೆ ಆದಾಯದವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ಒಳ್ಳೆಯದೇ, ಆದರೆ ಕೈಯಲ್ಲಿ ಸಾಕ್ಷಿ ಗಟ್ಟಿಯಿದ್ದರೆ ಮಾತ್ರ ರಾಜಿಯ ಮೊತ್ತವೂ ಗಟ್ಟಿಯಾಗಿರುತ್ತದೆ. ಖಾಲಿ ಕಾಗದಕ್ಕೆ, ಅರ್ಥವಾಗದ ಕಾಗದಕ್ಕೆ ಸಹಿ ಬೇಡ. ಆಸ್ಪತ್ರೆಯ ಬಾಗಿಲಲ್ಲೇ "ಐವತ್ತು ಸಾವಿರ ಕೊಡುತ್ತೇವೆ, ಕೇಸು ಬೇಡ" ಎಂದು ಬರುವವರಿಗೆ "ಮನೆಯವರನ್ನು ಕೇಳಿ ಹೇಳುತ್ತೇವೆ" ಎಂದಷ್ಟೇ ಹೇಳಿ.

ಕಾಲು ಮುರಿದ ಆ ಹುಡುಗ ಈಗ ಸ್ವಲ್ಪ ಕುಂಟುತ್ತಾ ಅಂಗಡಿ ನೋಡಿಕೊಳ್ಳುತ್ತಾನೆ. ಟ್ರ್ಯಾಕ್ಟರಿನವನ ಮೇಲೆ ಅವನಿಗೆ ಕೋಪವಿಲ್ಲ. ಆದರೆ ರಸ್ತೆಯಲ್ಲಿ ಎಲ್ಲಾದರೂ ಅಪಘಾತ ಕಂಡರೆ ಗಾಯಾಳುವಿಗೆ ನೀರು ಕೊಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿ, ಆಮೇಲೆ ಎರಡೂ ವಾಹನಗಳ ಫೋಟೋ ತೆಗೆದು ಅವರ ಮನೆಯವರಿಗೆ ಕಳಿಸುತ್ತಾನೆ. ನಾವೆಲ್ಲರೂ ಅಷ್ಟು ಮಾಡಿದರೆ ಸಾಕು.